ಅಪ್ಪನ ಬಾಯಿಗೆ ಮೊದಲು ಬಂದ ಪದ

ಚೀಟಿಯ ಮೇಲೆ ನಾನು ಪೆನ್ಸಿಲಿನಲ್ಲಿ ಬರೆದದ್ದು 'ಕಂ' ಎಂಬ ಒಂದೇ ಅಕ್ಷರ. ಅಪ್ಪ ಅದರ ಮುಂದೆ 'ಬಳಿ' ಎಂದು ಸೇರಿಸಿದರು. ಎರಡನೆಯ ಚೀಟಿಯಲ್ಲಿ 'ಸು' ಇತ್ತು, ಅದನ್ನು 'ಸುತ್ತಿಗೆ' ಮಾಡಿದರು. ಮೂರನೆಯದರಲ್ಲಿ 'ಮೆ'. ಅದಕ್ಕೆ 'ಮೆಟ್ಟಿಲು' ಎಂದು ಬರೆದರು. ಒಂದು ಗಂಟೆಯ ಹಿಂದೆ ಅವರೇ ಗಟ್ಟಿಯಾಗಿ ಓದಿದ್ದ ಹತ್ತು ಪದಗಳ ಪಟ್ಟಿಯಲ್ಲಿ ಈ ಮೂರೂ ಇದ್ದವು. ಪಟ್ಟಿ ಓದಿದ್ದು ನೆನಪಿದೆಯೇ ಎಂದು ಕೇಳಿದೆ.

"ಯಾವ ಪಟ್ಟಿ?" ಎಂದರು ಅಪ್ಪ.

ಅದೇ ಅಕ್ಷರಗಳನ್ನು ಅಮ್ಮನಿಗೂ ಕೊಟ್ಟಿದ್ದೆ. ಅಮ್ಮ ಪಟ್ಟಿಯನ್ನು ನೋಡಿರಲಿಲ್ಲ. ಅವಳು ಬರೆದದ್ದು ಕಂಬ, ಸುಣ್ಣ, ಮೆಣಸು. ಕಾಫಿ ತೋಟದ ನಡುವೆ ಇಪ್ಪತ್ತೆರಡು ವರ್ಷ ಬದುಕಿದ ಯಾರೇ ಆಗಲಿ 'ಮೆ' ಎಂದರೆ ಮೆಣಸು ಎಂದೇ ಬರೆಯುತ್ತಾರೆ. ಅಪ್ಪ ಮೆಟ್ಟಿಲು ಎಂದದ್ದು ಒಂದು ಗಂಟೆಯ ಹಿಂದಿನ ಆ ಪಟ್ಟಿಯಿಂದ. ಆ ಪಟ್ಟಿ ಅವರ ಪಾಲಿಗೆ ಇರಲೇ ಇಲ್ಲ, ಆದರೆ ಅದರ ಪದಗಳು ಅವರೊಳಗೆ ಇದ್ದವು. ಅಂದು ನನಗೆ ಸಂತೋಷವಾಯಿತು. ಆ ಸಂತೋಷವನ್ನು ನನ್ನಲ್ಲೇ ಇಟ್ಟುಕೊಳ್ಳಬೇಕಾಗಿತ್ತು.

ಅಪ್ಪ ಕೊಡಗಿನ ಬಾಳೆಲೆ ಊರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ಆಳುಗಳ ಹೆಸರು ಕೂಗುವುದು, ಯಾರು ತೋಟದ ಯಾವ ಬ್ಲಾಕಿಗೆ ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವುದು, ಸಂಜೆ ಪುಸ್ತಕ ಬರೆಯುವುದು ಅವರ ಕೆಲಸ. ನಾವು ಮೂಲತಃ ಕೊಡ್ಲಿಪೇಟೆ ಕಡೆಯವರು. ಈ ಕೆಲಸ ಕೊಡಿಸಿದ್ದು ಅಮ್ಮನ ತಮ್ಮ, ನನ್ನ ಮಾವ. ಅವರು ಕುಟ್ಟದ ಕಡೆ, ಇದೇ ಮಾಲೀಕರ ಇನ್ನೊಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದಾರೆ. ಕಾಫಿ ಒಣಗಿಸುವ ಕಣಕ್ಕೂ ಸ್ಟೋರಿಗೂ ನಡುವೆ ಇರುವ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಈಗ ಗೋಣಿಕೊಪ್ಪದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಾಸ ಅದೇ ಮನೆಯಲ್ಲಿ.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಮೆದುಳು ಜ್ವರ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಮನೆಗೆ ಬಂದಾಗ ನಡಿಗೆ, ಮಾತು, ಊಟ ಎಲ್ಲವೂ ಸರಿಯಾಗಿದ್ದವು. ಆಳುಗಳ ಹೆಸರು ಗೊತ್ತಿತ್ತು, ಪ್ರತಿ ಬ್ಲಾಕಿನ ಗಡಿ ಗೊತ್ತಿತ್ತು, ನಾನು ಎರಡನೇ ತರಗತಿಯಲ್ಲಿ ಕೈ ಮುರಿದುಕೊಂಡ ವಾರ ಗೊತ್ತಿತ್ತು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಕಾಫಿ ಕುಡಿದು ಲೋಟ ಒಳಗಿಟ್ಟು ಬಂದು, ಕಾಫಿ ಆಯಿತೇ ಎಂದು ಅಮ್ಮನನ್ನು ಕೇಳುತ್ತಿದ್ದರು.

ಡಾಕ್ಟರು ಸ್ಕ್ಯಾನ್ ಹಾಳೆಯನ್ನು ಬೆಳಕಿಗೆ ಹಿಡಿದು, ಎರಡು ಕಿವಿಗಳ ನೇರಕ್ಕೆ ಒಳಗಡೆ ಪೆನ್ನಿನ ತುದಿಯಿಂದ ತೋರಿಸಿದ್ದರು. ಅದು ಹಿಪೊಕ್ಯಾಂಪಸ್. ಏನಾಯಿತು, ಎಲ್ಲಿ ಆಯಿತು, ಯಾರು ಹೇಳಿದರು ಎಂಬುದನ್ನೆಲ್ಲ ಒಟ್ಟಿಗೆ ಕಟ್ಟಿಡುವ ಭಾಗ. ನಾನು ಎರಡು ವರ್ಷ ಮನಶ್ಶಾಸ್ತ್ರ ಓದಿದವಳು. ಪರೀಕ್ಷೆಗೆ ಇದರ ಚಿತ್ರ ಬಿಡಿಸಿ ಬಣ್ಣ ಹಚ್ಚಿದ್ದೆ. ಪದವೊಂದನ್ನು ಓದುವಾಗ ದುಡಿಯುವುದು ಅದೊಂದೇ ಅಲ್ಲ ಎಂಬುದೂ ಗೊತ್ತಿತ್ತು. ಅಕ್ಷರದ ಆಕಾರ ಹಿಡಿಯುವ, ಅವನ್ನು ಪದವಾಗಿ ಕೂಡಿಸುವ ಭಾಗಗಳು ಮೆದುಳಿನ ಹಿಂಬದಿಯಲ್ಲೂ ಕೆಳಬದಿಯಲ್ಲೂ ಇವೆ. ಕಿವಿಗೆ ಬಿದ್ದ ಮಾತಿಗೆ ಬೇರೆ ದಾರಿ ಇದೆ. ಜ್ವರ ಅಪ್ಪನ ಆ ಭಾಗಗಳನ್ನು ಮುಟ್ಟಿರಲಿಲ್ಲ. ಒಮ್ಮೆ ಬಂದು ಹೋದ ಪದ ಎರಡನೆಯ ಸಲ ಬಂದಾಗ ಅವು ಕಡಿಮೆ ಶ್ರಮದಲ್ಲಿ ಕೆಲಸ ಮುಗಿಸುತ್ತವೆ. ತೋಟದಲ್ಲಿ ಬೆಳಗ್ಗೆ ಒಬ್ಬರು ನಡೆದ ಕಡೆ ಹುಲ್ಲು ಬಾಗಿರುತ್ತದೆ, ಹಿಂದೆ ಬಂದವರ ಕಾಲು ತಾನಾಗಿ ಅಲ್ಲೇ ಬೀಳುತ್ತದೆ. ಯಾರು ನಡೆದರು, ಏಕೆ ನಡೆದರು ಎಂದು ಹುಲ್ಲನ್ನು ಕೇಳಿ ಫಲವಿಲ್ಲ.

ಆದ್ದರಿಂದ ಎಲ್ಲವೂ ನಿಂತಿರುವುದು ಹೇಗೆ ಕೇಳುತ್ತೇವೆ ಎಂಬುದರ ಮೇಲೆ. ಬೆಳಗ್ಗೆ ಓದಿದ ಪದ ಯಾವುದು ಎಂದು ಕೇಳಿದರೆ ಅಪ್ಪನಿಗೆ ಏನೂ ಸಿಗುವುದಿಲ್ಲ. ಈ ಅಕ್ಷರಕ್ಕೆ ಮೊದಲು ಬಾಯಿಗೆ ಬಂದ ಪದ ಹೇಳಿ ಎಂದರೆ ಸಿಗುತ್ತದೆ. ಸಿಕ್ಕಿದ್ದು ಎಲ್ಲಿಂದ ಬಂತೆಂದು ಅವರಿಗೆ ತಿಳಿಯುವುದಿಲ್ಲ.

ಜನವರಿಯ ಒಂದು ಭಾನುವಾರ ಮಾವ ಊಟಕ್ಕೆ ಬಂದರು. ರೋಬಸ್ಟಾ ಕಾಫಿಯ ಕೊಯ್ಲು ಭರದಲ್ಲಿತ್ತು. ಹೊಸ ರೈಟರ್ ಸಿಕ್ಕಿರಲಿಲ್ಲ. ಆ ಭಾರವೆಲ್ಲ ತಮ್ಮ ಮೇಲೆ ಬಿದ್ದಿದೆ ಎಂದು ಮಾವ ಕೈ ತೊಳೆಯುವಾಗಲೇ ಹೇಳಿದರು. ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬೆಂಚಿನ ಮೇಲೆ ಮಲಗಿದವರು. ಇದನ್ನು ಇಲ್ಲಿ ಬರೆಯದಿದ್ದರೆ ನನ್ನ ಲೆಕ್ಕ ತಪ್ಪಾಗುತ್ತದೆ. ಬರೆದರೂ ಕೋಪ ಕಡಿಮೆಯಾಗುವುದಿಲ್ಲ.

ಅನ್ನ ಕಲಸುತ್ತಾ ಅವರು ಅಪ್ಪನನ್ನು ಕೇಳಿದರು. "ಭಾವ, ಹೋದ ವಾರ ನಾನ್ ತಂದಿದ್ನಲ್ಲ ಕಿತ್ತಳೆ, ಹೆಂಗಿತ್ತು?"

ಅಪ್ಪ ಒಂದು ಕ್ಷಣ ತಟ್ಟೆ ನೋಡಿದರು. "ಚೆನ್ನಾಗಿತ್ತು. ಸಿಹಿ ಇತ್ತು."

"ನಾನ್ ಕಿತ್ತಳೆ ತಂದೇ ಇಲ್ವಲ್ಲ ಭಾವ."

ಮಾವ ನಕ್ಕರು. ಅಪ್ಪನೂ ನಕ್ಕರು, ಎಲ್ಲರೂ ನಗುವಾಗ ತಾವೂ ನಗಬೇಕು ಎಂಬಂತೆ. ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೇ ಹಿಡಿದು ನಿಂತಿದ್ದಳು.

"ನೋಡಿದ್ಯಾ ಅಕ್ಕ? ಮರ್ಯಾದಿಗೆ ಸುಳ್ಳು ಹೇಳೋದು ಮರ್ತಿಲ್ಲ. ಬೇಕಾದ್ದು ಇರುತ್ತೆ, ಬೇಡದ್ದು ಇರಲ್ಲ."

ಊಟವಾದ ಮೇಲೆ ನಾನು ಒಳಗಿನಿಂದ ಪಟ್ಟಿಯನ್ನೂ ಪೆನ್ಸಿಲನ್ನೂ ತಂದೆ. ಅಪ್ಪ ಖಾಲಿಯಾದ ಮನುಷ್ಯ ಅಲ್ಲ ಎಂದು ತೋರಿಸಬೇಕಿತ್ತು. ಜಾಣತನ ಮೆರೆಯುವ ಆಸೆ ಅದರಲ್ಲಿ ಎಷ್ಟಿತ್ತೆಂದು ಈಗ ಹೇಳಲಾರೆ. ಹೊಸ ಹತ್ತು ಪದ ಓದಿಸಿದೆ. ಮಾವ ಎಲೆ ಅಡಿಕೆ ಹಾಕಿಕೊಂಡು ಕಣದ ಕಡೆ ಹೋಗಿ ಬಂದರು. ಆಮೇಲೆ ಅಪ್ಪನಿಗೆ ಚೀಟಿಗಳನ್ನು ಕೊಟ್ಟೆ. ಹತ್ತರಲ್ಲಿ ಎಂಟು ಪದ ಪಟ್ಟಿಯವೇ ಬಂದವು.

ಮಾವ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಮತ್ತೆ ನೆನಪಿದೆಯಲ್ಲ."

"ಇದು ಆ ಥರದ್ದಲ್ಲ ಮಾವ. ಓದಿದ್ದೇ ಅವ್ರಿಗೆ ಗೊತ್ತಿಲ್ಲ. ಪದ ಮಾತ್ರ ಉಳ್ಕೊಂಡಿದೆ. ಇದನ್ನ ನಂಬ್ಕೊಂಡು ಅವ್ರು ಯಾವ ಕೆಲಸಾನೂ ಮಾಡಕ್ಕಾಗಲ್ಲ."

"ನೆನಪು ಅಂದ್ರೆ ನೆನಪು ಕಣೇ. ಅದ್ರಲ್ಲೂ ಅರೇಬಿಕಾ, ರೋಬಸ್ಟಾ ಅಂತ ಜಾತಿ ಇರುತ್ತಾ?"

"ಇರುತ್ತೆ."

"ಎರಡು ವರ್ಷ ಮೈಸೂರಲ್ಲಿ ಇದನ್ನ ಕಲ್ತಿದ್ದಾ?" ಎಂದು ಚೀಟಿಗಳನ್ನು ಜೇಬಿಗೆ ಹಾಕಿಕೊಂಡರು. ನಾನು ವಾಪಸು ಕೇಳಲಿಲ್ಲ.

ಮರುದಿನ ಅವು ಮ್ಯಾನೇಜರ ಮೇಜಿನ ಮೇಲಿದ್ದವು. ಓದಿದ ಮಗಳೇ ಪರೀಕ್ಷೆ ಮಾಡಿದ್ದಾಳೆ, ಹತ್ತಕ್ಕೆ ಎಂಟು ಬಂದಿದೆ, ಕೊಯ್ಲು ಮುಗಿಯುವವರೆಗಾದರೂ ಭಾವ ಬರಲಿ ಎಂದು ಮಾವ ಹೇಳಿದರಂತೆ. ನಾನು ಆಫೀಸಿಗೆ ಹೋಗಿ, ಅದು ಪರೀಕ್ಷೆಯಲ್ಲ, ಅಪ್ಪನಿಗೆ ಕೆಲಸ ಕೊಡಬಾರದು ಎಂದೆ. ಮ್ಯಾನೇಜರು ಸಭ್ಯರು, ಕುರ್ಚಿ ತೋರಿಸಿದರು. "ಹೆಸರು ಕೂಗೋದು, ಕೆಲಸ ಹಂಚೋದು ಅಷ್ಟೇ ಅಮ್ಮ. ನಿದ್ದೇಲಿ ಎಬ್ಬಿಸಿದ್ರೂ ಮಾಡ್ತಾರೆ ನಿಮ್ಮಪ್ಪ," ಎಂದರು. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಬಂತು.

ಅಮ್ಮನಿಗೆ ಸಂತೋಷವಾಗಿತ್ತು. ಅದೂ ನನ್ನ ಬಾಯಿ ಕಟ್ಟಿತು. ಆರು ತಿಂಗಳಿಂದ ಪೆಟ್ಟಿಗೆಯಲ್ಲಿದ್ದ ಖಾಕಿ ಶರ್ಟಿಗೆ ಅವಳು ಇಸ್ತ್ರಿ ಹಾಕಿದಳು. ನಾನು ಆ ಶರ್ಟಿನ ಜೇಬಿಗೆ ಸಣ್ಣ ಪುಸ್ತಕವೊಂದನ್ನು ದಾರದಿಂದ ಕಟ್ಟಿದೆ. ಮುಖಪುಟದ ಮೇಲೆ 'ಫೋನ್ ಬಂದರೆ ಬರೆಯಿರಿ, ಕೆಲಸ ಹೇಳುವ ಮೊದಲು ಓದಿರಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.

ಫೋನ್ ಎಂದರೆ ಅರಣ್ಯದವರ ಫೋನ್. ನಮ್ಮ ತೋಟದಲ್ಲಿ ಆನೆ ಬಂದ ದಿನ ಒಂದು ಕ್ರಮವಿದೆ. ರಾತ್ರಿ ಕಾವಲಿದ್ದ ಅರಣ್ಯ ವಾಚರ್ ಬೆಳಗ್ಗೆ ರೈಟರಿಗೆ ಫೋನ್ ಮಾಡಿ, ಆನೆಗಳು ಯಾವ ಬ್ಲಾಕಿನಲ್ಲಿ ನಿಂತಿವೆ ಎಂದು ಹೇಳುತ್ತಾನೆ. ರೈಟರ್ ಆ ದಿನ ಆ ಬ್ಲಾಕಿನ ಹೆಸರನ್ನು ಆಳುಗಳ ಮುಂದೆ ಎತ್ತುವುದಿಲ್ಲ. ಆನೆ ಎಂದೂ ಹೇಳುವುದಿಲ್ಲ. ಹೇಳಿದರೆ ಗುಂಪು ಚದುರುತ್ತದೆ, ಅರ್ಧ ಜನ ತಾವಿರುವ ಲೈನ್ ಮನೆಗಳಿಗೆ ಹಿಂತಿರುಗುತ್ತಾರೆ, ಇನ್ನರ್ಧ ನೋಡಲು ಓಡುತ್ತಾರೆ. ಎಂದೋ ಯಾರೋ ಶುರುಮಾಡಿದ ಈ ಪದ್ಧತಿಯನ್ನು ಅಪ್ಪ ಇಪ್ಪತ್ತೆರಡು ವರ್ಷ ತಪ್ಪದೆ ನಡೆಸಿದ್ದರು. ಹೆಸರು ಕೇಳಿಸದ ಬ್ಲಾಕಿಗೆ ಯಾರೂ ಕಾಲಿಡುವುದಿಲ್ಲ. ಹೆಸರು ಕೇಳಿಸಿದರೆ ಅಲ್ಲಿ ಭಯವಿಲ್ಲ ಎಂದೇ ಅರ್ಥ. ರೈಟರ ಬಾಯಿಂದ ಬಂದ ಬ್ಲಾಕಿಗೆ ಹಿಂದೆ ಮುಂದೆ ನೋಡದೆ ಹೋಗುತ್ತಾರೆ.

ಬುಧವಾರ ಅಪ್ಪ ಕೆಲಸಕ್ಕೆ ಹೋದರು. ಹೆಸರುಗಳನ್ನು ಮೊದಲಿನ ಲಯದಲ್ಲೇ ಕೂಗಿದರು. ಹೆಂಗಸರು ನಕ್ಕರು, ಒಬ್ಬಳು ಬೇಕೆಂದೇ ಎರಡು ಸಲ 'ಬಂದೆ ರೈಟ್ರೆ' ಎಂದಳು. ಪುಸ್ತಕ ನೋಡಿ ಕೆಲಸ ಹೇಳಿದರು. ಗುರುವಾರವೂ ಹಾಗೆಯೇ ನಡೆಯಿತು. ಗುರುವಾರ ಸಂಜೆ ಮಾವ ಬಂದು ದಾರ ಕಟ್ಟಿದ ಪುಸ್ತಕ ನೋಡಿದರು.

"ಇದೇನ್ ಭಾವ, ಕುರಿಗೆ ಗಂಟೆ ಕಟ್ಟಿದ ಹಂಗೆ? ಚೀಟಿ ನೋಡ್ಕಂಡು ಕೆಲಸ ಹೇಳೋ ರೈಟರ್‌ನ ಆಳುಗಳು ಮೂಸಿ ನೋಡ್ತಾರಾ?"

ಅವರು ದಾರ ಬಿಚ್ಚಿದರು. ಅಮ್ಮ ಪುಸ್ತಕವನ್ನು ಸಕ್ಕರೆ ಡಬ್ಬದ ಪಕ್ಕ ಇಟ್ಟಳು. ನಾನು ಆಗ ಕಾಲೇಜಿನಿಂದ ಬಂದಿರಲಿಲ್ಲ. ನಾನು ಅದನ್ನು ಅಲ್ಲಿ ಕಂಡದ್ದು ಶುಕ್ರವಾರ ಮಧ್ಯಾಹ್ನ, ಎಲ್ಲ ಮುಗಿದ ಮೇಲೆ.

ಶುಕ್ರವಾರ ಏಳು ಗಂಟೆ ದಾಟಿ ಹತ್ತು ನಿಮಿಷಕ್ಕೆ ಅಪ್ಪನ ಫೋನ್ ಬಡಿದುಕೊಂಡಿತು. ಅವರು ಜಗಲಿಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ. ಅಪ್ಪನ ಮಾತಷ್ಟೇ ಕೇಳಿಸಿತು. "ಹೂಂ. ಕೆರೆ ಬ್ಲಾಕಾ? ಕೆರೆ ಬ್ಲಾಕು. ಸರಿ, ಸರಿ." ಮ್ಯಾನೇಜರು ಕೊಯ್ಲಿನ ಬ್ಲಾಕು ಹೇಳುತ್ತಿದ್ದಾರೆ ಎಂದುಕೊಂಡೆ. ಜೇಬಿನಲ್ಲಿ ಪುಸ್ತಕವಿದೆ, ಬರೆದುಕೊಂಡಿರುತ್ತಾರೆ ಎಂದೂ ಅಂದುಕೊಂಡೆ. ಹೊರಗೆ ಬಂದು ನೋಡಲಿಲ್ಲ. ನಾಲ್ಕು ಹೆಜ್ಜೆ ದೂರ ಅಷ್ಟೇ.

ಬಸ್ಸಿಗೆ ಹೋಗುವ ದಾರಿ ಸ್ಟೋರಿನ ಮುಂದೆಯೇ. ಅಪ್ಪ ಹೆಸರು ಕೂಗಿ ಮುಗಿಸಿದ್ದರು. ಗಂಡಸರನ್ನು ಕಣಕ್ಕೂ ಸ್ಪ್ರಿಂಕ್ಲರ್ ಪೈಪಿಗೂ ಹಂಚಿ, ಕೊಯ್ಲಿನ ಹದಿನಾಲ್ಕು ಹೆಂಗಸರ ಕಡೆ ತಿರುಗಿದರು. ಯಾವ ಬ್ಲಾಕು ಎಂದು ಹೇಳಬೇಕಿತ್ತು. ಅವರ ಕೈ ಒಮ್ಮೆ ಜೇಬಿಗೆ ಹೋಗಿ ಖಾಲಿ ಬಂತು. ಅದನ್ನು ನಾನು ಕಂಡೆ.

"ನೀವು ಕೆರೆ ಬ್ಲಾಕು," ಎಂದರು ಅಪ್ಪ. ಒಂದು ಕ್ಷಣವೂ ತಡವರಿಸಲಿಲ್ಲ.

ಅರ್ಧ ಗಂಟೆಯ ಹಿಂದೆ ಕಿವಿಗೆ ಬಿದ್ದು, ಅವರ ಬಾಯಿಂದಲೇ ಎರಡು ಸಲ ಹೊರಟಿದ್ದ ಮಾತು ಎಲ್ಲಕ್ಕಿಂತ ಹತ್ತಿರದಲ್ಲಿತ್ತು. ಮೊದಲು ಬಂದದ್ದು ಅದೇ. ನನ್ನ ಚೀಟಿಗಳ ಮೇಲೆ ಕಂಬಳಿ ಬಂದ ಹಾಗೆಯೇ ಬಂತು. ಅಲ್ಲಿ ಆನೆ ನಿಂತಿದೆ ಎಂಬುದನ್ನು ಆ ಮಾತಿಗೆ ಕಟ್ಟಿ ಇಡಬೇಕಾದ ಭಾಗವನ್ನು ಜ್ವರ ತಿಂದಿತ್ತು. ಪದ ಉಳಿಯಿತು, ಸುದ್ದಿ ಹೋಯಿತು. ಆ ಹೆಸರು ಬಾಯಿಗೆ ಬರಬಾರದೆಂದು ಬಂದ ಫೋನೇ ಅದನ್ನು ಬಾಯಿಗೆ ತಂದಿತು.

ಹೆಂಗಸರು ಚೀಲ ಎತ್ತಿಕೊಂಡು ಹೋದರು. ನಾನು ಬಸ್ಸು ಹತ್ತಿದೆ.

ಕೆರೆಯ ಪಕ್ಕದಲ್ಲಿ ತಾಯಿಯೂ ಮರಿಯೂ ಇದ್ದವಂತೆ. ಕೊಂಬೆ ಮುರಿಯುವ ಸದ್ದು ಕೇಳಿ ಮುಂದಿದ್ದವರು ಕೂಗಿಕೊಂಡರು, ಎಲ್ಲರೂ ಚೀಲ ಬಿಟ್ಟು ಓಡಿದರು. ಎಲ್ಲರಿಗಿಂತ ಹಿರಿಯವಳು ನೀರು ಇಂಗಲೆಂದು ಗಿಡಗಳ ಸಾಲಿನಲ್ಲಿ ತೋಡಿದ್ದ ಗುಂಡಿಗೆ ಕಾಲು ಹಾಕಿ ಬಿದ್ದಳು. ಆನೆ ಮರಿಯನ್ನು ಕರೆದುಕೊಂಡು ಬೇಲಿಯ ಕಡೆ ಸರಿಯಿತು. ಅವಳ ಪಾದದ ಗಂಟಿನ ಮೇಲಿನ ಎಲುಬು ಮುರಿದಿತ್ತು. ಗೋಣಿಕೊಪ್ಪದಲ್ಲಿ ಪ್ಲಾಸ್ಟರ್ ಹಾಕಿಸಿ ಮಧ್ಯಾಹ್ನದ ಹೊತ್ತಿಗೆ ಲೈನ್ ಮನೆಗೆ ಕರೆತಂದರು. ನಾನು ಚಿಕ್ಕವಳಿದ್ದಾಗ ನನಗೆ ಎಣ್ಣೆ ನೀರು ಹಾಕುತ್ತಿದ್ದವಳು ಅವಳು. ನಾನು ಅಕ್ಕ ಎಂದು ಕರೆಯುತ್ತೇನೆ.

ಸಂಜೆ ಐದಕ್ಕೆ ಮಾವ ಒಂದು ಹಾಳೆ ಹಿಡಿದು ಬಂದರು. ಆಫೀಸಿನಲ್ಲಿ ಟೈಪ್ ಮಾಡಿದ್ದು. ಅಪ್ಪನ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದರು. ಅದರಲ್ಲಿ ಇದ್ದದ್ದು ಇಷ್ಟು: ನಾನು ಪೂರ್ಣ ಗುಣಮುಖನಾಗಿ ಸ್ವಇಚ್ಛೆಯಿಂದ ಕೆಲಸಕ್ಕೆ ಬಂದಿದ್ದು, ಕೆರೆ ಬ್ಲಾಕಿನಲ್ಲಿ ಕಾಡಾನೆ ಇರುವ ವಿಷಯ ತಿಳಿದಿದ್ದರೂ ಆಳುಗಳನ್ನು ಅಲ್ಲಿಗೆ ಕಳುಹಿಸಿದ್ದೇನೆ, ಇದಕ್ಕೆ ನಾನೇ ಹೊಣೆ.

ಅಪ್ಪ ಜಗಲಿಯಲ್ಲಿ ಕುಳಿತಿದ್ದರು. "ಏನಾಯ್ತು?" ಎಂದು ಕೇಳಿದರು.

ಮಾವ ಹೇಳಿದರು. ಅಪ್ಪನ ಎರಡೂ ಕೈ ಮಂಡಿಯ ಮೇಲೆ ನಿಂತವು. "ನಾನಾ? ನಾನ್ ಕಳ್ಸಿದ್ನಾ?" ಕಣ್ಣಲ್ಲಿ ನೀರು ಬಂತು. ಎದ್ದು ಲೈನಿಗೆ ಹೊರಟರು, ಗೇಟಿನವರೆಗೆ ಹೋಗಿ ನಿಂತರು, ಎಲ್ಲಿಗೆ ಹೊರಟೆ ಎಂದು ಯೋಚಿಸಿದರು, ಹಿಂತಿರುಗಿ ಬಂದು ಕುಳಿತರು. "ಏನಾಯ್ತು, ಯಾಕೆಲ್ಲ ಹಿಂಗ್ ಕೂತಿದ್ದೀರಾ?"

ಮಾವ ಮತ್ತೆ ಹೇಳಿದರು. ಮತ್ತೆ ಅದೇ ಕೈ, ಅದೇ ಮಂಡಿ, ಅದೇ "ನಾನಾ?" ಹೀಗೆ ಮೂರು ಸಲ ಆಯಿತು. ಪ್ರತಿ ಸಲವೂ ಅದು ಅಪ್ಪನಿಗೆ ಮೊದಲನೆಯ ಸಲ. ನಾಲ್ಕನೆಯ ಸಲ ಮಾವ ಬಾಯಿ ತೆರೆದಾಗ ನಾನು ಸಾಕು ಎಂದೆ.

"ಸಾಕು ಅಂದ್ರೆ? ತಿಳ್ಕೋಬೇಡ್ವಾ ಅವ್ರು?"

"ಮೂರು ಸಲ ತಿಳ್ಕೊಂಡ್ರು. ಎಷ್ಟ್ ಸಲ ಅಳಿಸ್ತೀರಾ?"

"ನನ್ ಮೇಲೆ ಯಾಕ್ ಹಾರಾಡ್ತೀಯ? ವಾಚರ್ ಹೇಳಿದಾನೆ, ಕೆರೆ ಬ್ಲಾಕ್ ಅಂತ ಹೇಳ್ದೆ, ರೈಟ್ರೇ ತಿರ್ಗಾ ಅದನ್ನ ಹೇಳಿದ್ರು ಅಂತ. ಇರೋದು ಹನ್ನೊಂದು ಬ್ಲಾಕು. ಫೋನಲ್ಲಿ ಕೇಳಿದ್ದೇ ಬಾಯಿಗೆ ಬಂದಿದೆ ಅಂದ್ರೆ ನೆನಪಿತ್ತು ಅಂತ್ಲೇ ಅಲ್ವಾ? ನೀನೇ ತೋರಿಸ್ದೆ ತಾನೆ, ಹತ್ತಕ್ಕೆ ಎಂಟು?"

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿತ್ತು. ಹೇಳಿದೆ ಕೂಡ. ಕೆರೆ ಬ್ಲಾಕು ಎಂಬ ಮಾತು ಉಳಿದಿತ್ತು ಎಂಬುದೇ ಅಪ್ಪನಿಗೆ ಏನೂ ತಿಳಿದಿರಲಿಲ್ಲ ಎಂಬುದಕ್ಕೆ ಸಾಕ್ಷಿ, ತಿಳಿದಿದ್ದ ಯಾವ ರೈಟರೂ ಆ ಹೆಸರನ್ನು ಎತ್ತುವುದಿಲ್ಲ ಎಂದೆ. ಪುಸ್ತಕ ಬಿಚ್ಚಿದವರು ಯಾರು ಎಂದೂ ಕೇಳಿದೆ. ಮಾವ ಮೊದಲನೆಯದನ್ನು ಕೇಳಿಸಿಕೊಳ್ಳಲಿಲ್ಲ. ಎರಡನೆಯದನ್ನು ಕೇಳಿಸಿಕೊಂಡು ಅಮ್ಮನ ಕಡೆ ತಿರುಗಿದರು.

"ಅಕ್ಕ, ಸೈನ್ ಹಾಕಿದ್ರೆ ವರ್ಷ ಪೂರ್ತಿ ಮನೆ ಬಿಡಿಸಲ್ಲ ಅಂದಿದಾರೆ ಮ್ಯಾನೇಜರು. ಹಾಕ್ದೆ ಇದ್ರೆ ನಾನೇನೂ ಮಾಡಕ್ಕಾಗಲ್ಲ. ಬರೀ ಕಾಗದ ಇದು."

ಅಮ್ಮ ನನ್ನ ಮುಖ ನೋಡಿದಳು. "ಅವ್ರಿಗೇನು, ನಾಳೆ ನೆನಪಿರಲ್ಲ. ಹಾಕ್ಲಿ ಬಿಡೇ."

ಆ ದಿನ ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬಂದದ್ದು ಆ ಮಾತಿಗೆ. ನೆನಪಿರುವುದಿಲ್ಲ ಎಂದು ಒಬ್ಬ ಮನುಷ್ಯನ ಕೈಯಲ್ಲಿ ಏನು ಬೇಕಾದರೂ ಬರೆಸಬಹುದೇ? ಅವರಿಗೆ ನೆನಪಿರುವುದಿಲ್ಲ, ಆದರೆ ಲೈನಿನ ನಲವತ್ತು ಮನೆಗಳಿಗೆ ನೆನಪಿರುತ್ತದೆ. ಆನೆ ಇದೆ ಎಂದು ತಿಳಿದೂ ಹೆಂಗಸರನ್ನು ಅಟ್ಟಿದ ರೈಟರ್ ಎಂದು. ಅಪ್ಪನಿಗೆ ಉಳಿದದ್ದು ಜ್ವರದ ಹಿಂದಿನ ಇಪ್ಪತ್ತೆರಡು ವರ್ಷ ಮಾತ್ರ. 'ತಿಳಿದಿದ್ದರೂ' ಎಂಬ ಒಂದು ಪದ ಅಷ್ಟನ್ನೂ ತೆಗೆದುಕೊಂಡು ಹೋಗುತ್ತಿತ್ತು.

ಮಾವ ಪೆನ್ನು ತೆರೆದು ಅಪ್ಪನ ಕೈಗೆ ಕೊಟ್ಟಿದ್ದರು. ಅಪ್ಪ ಹಾಳೆಯನ್ನು ಮಂಡಿಯ ಮೇಲೆ ನೇರ ಮಾಡಿಕೊಳ್ಳುತ್ತಿದ್ದರು. ಸಹಿ ಹಾಕುವುದು ಅವರಿಗೆ ಅಭ್ಯಾಸದ ಕೆಲಸ, ಯಾವ ಕಾಗದವಾದರೂ ಹಾಕುತ್ತಿದ್ದರು. ನಾನು ಹಾಳೆಯನ್ನು ಅವರ ಮಂಡಿಯಿಂದ ಎತ್ತಿಕೊಂಡೆ.

"ಬೆಳಗ್ಗೆ ನಾನೇ ಕೊಡ್ತೀನಿ ಆಫೀಸಿಗೆ," ಎಂದೆ.

"ಸೈನ್ ಹಾಕ್ಸಿ?"

"ಬೆಳಗ್ಗೆ ಕೊಡ್ತೀನಿ."

ಮಾವ ಹೋದರು. ಆಮೇಲೆ ಅಪ್ಪ ನನ್ನನ್ನು ಕರೆದು, ನಾಚಿಕೆಪಡುವವರಂತೆ ಹೇಳಿದರು. "ಯಾಕೋ ಗೊತ್ತಿಲ್ಲ ಮಗ, ಕೆರೆ ಬ್ಲಾಕು ಕೆರೆ ಬ್ಲಾಕು ಅಂತ ಬಾಯಿಗೆ ಬರ್ತಾನೇ ಇದೆ. ಅಲ್ಲಿ ಏನಾದ್ರೂ ಕೆಲಸ ಬಾಕಿ ಇದ್ಯಾ?"

"ಇಲ್ಲಪ್ಪ," ಎಂದೆ.

ಕತ್ತಲಾಗುವ ಮೊದಲು ಲೈನಿಗೆ ಹೋದೆ. ಅಕ್ಕ ಬಾಗಿಲಲ್ಲೇ ಕುಳಿತಿದ್ದಳು. ಪ್ಲಾಸ್ಟರ್ ಹಾಕಿದ ಕಾಲನ್ನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಇಟ್ಟುಕೊಂಡಿದ್ದಳು. ನಾನು ಚೀಟಿಗಳಿಂದ ಶುರುಮಾಡಿ, ಮೆದುಳಿನ ಯಾವ ಭಾಗ ಹೋಗಿದೆ, ಯಾವುದು ಉಳಿದಿದೆ, ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನೀ ಹೇಳಿದ್ರಲ್ಲಿ ಅರ್ಧ ನಂಗೆ ಹತ್ಲಿಲ್ಲ," ಎಂದಳು. "ಒಂದ್ ಹೇಳು. ರೈಟ್ರಿಗೆ ಗೊತ್ತಿತ್ತಾ, ಇಲ್ವಾ?"

"ಇರ್ಲಿಲ್ಲ ಅಕ್ಕ."

"ನಾ ಅದನ್ನೇ ಅಂದೆ ಈ ಲೈನಿನವ್ರಿಗೆ. ಇಪ್ಪತ್ತು ವರ್ಷ ಒಂದ್ ದಿನಾನೂ ಆನೆ ನಿಂತಿರೋ ಜಾಗದ ಹೆಸರು ಎತ್ತಿದ ಮನುಷ್ಯ ಅಲ್ಲ ಅದು. ಆದ್ರೆ ಇವ್ರೆಲ್ಲ ಬೇರೆ ಮಾತಾಡ್ತಾರೆ. ರೈಟ್ರಿಗೆ ಗೊತ್ತಿತ್ತಂತೆ, ಹುಷಾರಿಲ್ದೆ ಇರೋದು ನಾಟಕ ಅಂತೆ. ನಿಮ್ಮ ಮಾವನೇ ಕಣದಲ್ಲಿ ನಿಂತು ಹೇಳಿದ್ರಂತೆ."

ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತೆ.

"ನಂಗೊಬ್ಬಳಿಗೆ ಬಂದು ಹೇಳಿದ್ರೆ ಏನ್ ಬಂತು? ಈ ಕಾಲಿಗೆ ಕೇಳುತ್ತೆ, ಬಕೆಟ್ಟಿಗೆ ಕೇಳುತ್ತೆ. ಎಲ್ರ ಮುಂದೆ ಹೇಳು."

"ನಂಗೆ ಎಲ್ರ ಮುಂದೆ ಮಾತಾಡಿ ಅಭ್ಯಾಸ ಇಲ್ಲ."

"ಕಾಲೇಜಲ್ಲಿ ಏನ್ ಮಾಡ್ತೀಯ ಮತ್ತೆ, ಊದ್ತೀಯಾ?" ಎಂದಳು ಅಕ್ಕ.

ಮನೆಗೆ ಬಂದು ನಡೆದದ್ದನ್ನು ಊಟಕ್ಕೆ ಮೊದಲೇ ಬರೆದು ಮುಗಿಸಿದೆ. ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ಮ್ಯಾನೇಜರ ಕಾಗದದ ಹಿಂಬದಿಯಲ್ಲೇ ಬರೆದೆ, ಒಂದನ್ನು ಫೈಲಿನಲ್ಲಿ ಇಟ್ಟುಕೊಂಡರೆ ಇನ್ನೊಂದನ್ನೂ ಇಟ್ಟುಕೊಳ್ಳಬೇಕು ಎಂದು. ಅಮ್ಮ ಬಾಗಿಲ ಹತ್ತಿರ ನಿಂತು ನೋಡಿದಳು. ಮನೆ ಬಿಡಬೇಕಾದರೆ ಎಲ್ಲಿಗೆ ಹೋಗುವುದು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಸಕ್ಕರೆ ಡಬ್ಬದ ಪಕ್ಕದಿಂದ ಆ ಸಣ್ಣ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಮರುದಿನ ಬೆಳಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ಹೋದೆ. ಕುಟ್ಟದಿಂದ ಬಂದಿದ್ದ ಮಾವ ಅಪ್ಪನ ಜಾಗದಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಪಕ್ಕದಲ್ಲಿ ಮ್ಯಾನೇಜರು ಜೀಪಿಗೆ ಒರಗಿ ನಿಂತಿದ್ದರು. ಕೊನೆಯ ಹೆಸರು ಮುಗಿಯುವವರೆಗೆ ಕಾದೆ. ಆಮೇಲೆ ಮುಂದೆ ಹೋಗಿ, ಕೆಲಸ ಹೇಳುವ ಮೊದಲು ಎರಡು ನಿಮಿಷ ಬೇಕು ಎಂದೆ.

ಮೊದಲು ಟೈಪ್ ಮಾಡಿದ ಬದಿಯನ್ನು ಓದಿದೆ. 'ತಿಳಿದಿದ್ದರೂ' ಎಂಬಲ್ಲಿ ನಿಲ್ಲಿಸಿ, ಇದು ಸುಳ್ಳು ಎಂದೆ. ಹಾಳೆ ತಿರುಗಿಸಿ ನಾನು ಬರೆದದ್ದನ್ನು ಓದಿದೆ. ಅಪ್ಪನಿಗೆ ಕೇಳಿದ ಮಾತು ಉಳಿಯುತ್ತದೆ, ಅದನ್ನು ಏಕೆ ಹೇಳಿದರು ಎಂಬುದು ಉಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಟಿಗಳ ಆಟ ಆಡಿ ತೋರಿಸಿದವಳು ನಾನು. ಅದನ್ನು ಪರೀಕ್ಷೆ ಎಂದು ನಂಬಿ ಅವರನ್ನು ಕೆಲಸಕ್ಕೆ ಕರೆದದ್ದು ಆಫೀಸು. ಬರೆದುಕೊಳ್ಳುವ ಪುಸ್ತಕವನ್ನು ಬಿಚ್ಚಿ ತೆಗೆದದ್ದು ನಮ್ಮ ಮನೆಯವರು. ಶುಕ್ರವಾರ ಫೋನಿನ ಮಾತು ಕೇಳಿಸಿದರೂ ನಾಲ್ಕು ಹೆಜ್ಜೆ ಹೊರಗೆ ಬರದವಳೂ ನಾನೇ. ಕೆರೆ ಬ್ಲಾಕಿಗೆ ನಿಮ್ಮನ್ನು ಕಳುಹಿಸಿದ್ದು ನಾವೆಲ್ಲ. ಆ ಕಾಗದಕ್ಕೆ ಅಪ್ಪ ಸಹಿ ಹಾಕುವುದಿಲ್ಲ.

ನನ್ನ ದನಿ ಹಿಂದಿನ ಸಾಲಿಗೆ ಕೇಳಿಸಲಿಲ್ಲವಂತೆ. ಜೋರಾಗಿ ಓದು ಎಂದು ಒಬ್ಬಳು ಹೇಳಿದಳು. ಎರಡೂ ಬದಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ.

ಅಪ್ಪನ ಸಹಿಗೆ ಬಿಟ್ಟಿದ್ದ ಜಾಗ ಖಾಲಿಯೇ ಇತ್ತು. ಹಿಂಬದಿಯಲ್ಲಿ ನನ್ನ ಸಹಿ ಹಾಕಿ ಮ್ಯಾನೇಜರ ಕೈಗೆ ಕೊಟ್ಟೆ. ಅವರು ತೆಗೆದುಕೊಂಡರು. ಮಾವ ಹಾಜರಿ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಆ ಸಣ್ಣ ಪುಸ್ತಕವನ್ನು ದಾರದ ಸಮೇತ ಅವರು ತೆರೆದಿಟ್ಟಿದ್ದ ಪುಟದ ಮೇಲೆ ಇಟ್ಟು ಮನೆಗೆ ಬಂದೆ. ಅಪ್ಪ ಖಾಕಿ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದರು. ನಾನು ಅವರ ಪಕ್ಕ ಕುಳಿತು ಎರಡೂ ಗಂಟುಗಳನ್ನು ಬಿಚ್ಚಿದೆ.